ಯಾರು ಕೊಟ್ಟ ಅಧಿಕಾರ?

(ಮಹಿಳಾ ವಿಭಾಗದ ಉಪನ್ಯಾಸ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿರುವ ವಿಷಯ 'ಬೈಬಲಿನಲ್ಲಿ ಆಧ್ಯಾತ್ಮಿಕ ಅಧಿಕಾರ ಮತ್ತು ಅರ್ಹತೆ'. ಇದು ಚರ್ಚಿಗೆ ಹೋಗುವವರಿಗೆ ಮಾತ್ರ ಸಂಬಂಧಪಟ್ಟದ್ದು ಅನ್ನಿಸಬಹುದು. ಆದರೆ ಯಾರನ್ನು ಗುರು ಎಂದು ಒಪ್ಪಬೇಕು, ಧರ್ಮದ ವಿಷಯ ಯಾರು ಕಲಿಸಬಹುದು, ಹೆಂಗಸು ಕಲಿಸಬಹುದೇ ಎಂಬ ಪ್ರಶ್ನೆಗಳು ಇಲ್ಲಿ ಕುಳಿತಿರುವ ಎಲ್ಲರ ಮನೆಯಲ್ಲೂ ಇವೆ. ಭಜನೆಗೆ, ಅರಸಿನ ಕುಂಕುಮಕ್ಕೆ, ಅಡುಗೆಗೆ ನಾವು ಬೇಕು. ವ್ಯಾಸಪೀಠದ ಮಾತು ಬಂದಾಗ ಮಾತ್ರ ಎಲ್ಲರೂ ಅತ್ತಿತ್ತ ನೋಡುತ್ತಾರೆ.

ಈ ಪ್ರಶ್ನೆಯನ್ನು ಯೇಸುವಿಗೇ ಕೇಳಲಾಗಿತ್ತು. ಯೆರೂಸಲೇಮಿನ ದೇವಾಲಯದಲ್ಲಿ ಮುಖ್ಯ ಯಾಜಕರೂ ಶಾಸ್ತ್ರಿಗಳೂ ಹಿರಿಯರೂ ಬಂದು, ನಿನಗೆ ಈ ಅಧಿಕಾರ ಕೊಟ್ಟವರು ಯಾರೆಂದು ಕೇಳಿದರು. ಆತ ತಿರುಗಿ ಕೇಳಿದ್ದು ಒಂದೇ: ಯೋಹಾನನು ಮಾಡಿಸಿದ ದೀಕ್ಷಾಸ್ನಾನ ದೇವರಿಂದ ಬಂದದ್ದೋ, ಮನುಷ್ಯರಿಂದ ಬಂದದ್ದೋ? ದೇವರಿಂದ ಎಂದರೆ ನೀವೇಕೆ ನಂಬಲಿಲ್ಲ ಎಂಬ ಮಾತು ಬರುತ್ತದೆ. ಮನುಷ್ಯರಿಂದ ಎಂದರೆ ಜನ ಸಿಟ್ಟಾಗುತ್ತಾರೆ. ಅವರು ಲೆಕ್ಕ ಹಾಕಿ ಗೊತ್ತಿಲ್ಲ ಎಂದರು. ವಂಶವೂ ವಿದ್ಯೆಯೂ ಇದ್ದವರು ಅವರು. ಆದರೆ ಅಡವಿಯಲ್ಲಿ ಕೂಗಿ ಹೇಳುತ್ತಿದ್ದವನು ಪ್ರವಾದಿ ಎಂದು ಮೊದಲು ಗುರುತಿಸಿದ್ದು ಸಾಮಾನ್ಯ ಜನ.

ಹಾಗೆಂದು ಬೈಬಲಿನಲ್ಲಿ ನಿಯಮವೇ ಇಲ್ಲ ಎಂದಲ್ಲ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೋಡಿ. ದಿನನಿತ್ಯದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ದೂರು ಎದ್ದಿತು. ಅದನ್ನು ಸರಿಪಡಿಸಲು ಏಳು ಮಂದಿಯನ್ನು ನೇಮಿಸಿದರು. ಬೇಕಾದ ಅರ್ಹತೆ ಮೂರು: ಒಳ್ಳೆಯ ಹೆಸರು, ಪವಿತ್ರಾತ್ಮ, ವಿವೇಕ. ಜನರು ಆರಿಸಿದರು, ಅಪೊಸ್ತಲರು ಕೈಗಳನ್ನಿಟ್ಟು ಪ್ರಾರ್ಥಿಸಿದರು. ಅಂದರೆ ಕೆಳಗಿನಿಂದ ಒಂದು ಒಪ್ಪಿಗೆ, ಮೇಲಿನಿಂದ ಒಂದು. ಗಮನಿಸಿ, ಇಷ್ಟಕ್ಕೆಲ್ಲ ಕಾರಣ ಹಸಿದ ಹೆಂಗಸರ ದೂರು.

ಮುಂದೆ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 3ನೇ ಅಧ್ಯಾಯದಲ್ಲಿ ಸಭೆಯನ್ನು ನೋಡಿಕೊಳ್ಳುವವರಿಗೆ ಒಂದು ಪಟ್ಟಿಯೇ ಇದೆ. ಕುಡುಕನಾಗಿರಬಾರದು, ಜಗಳಗಂಟನಾಗಿರಬಾರದು, ಹಣದಾಸೆ ಇರಬಾರದು, ಅತಿಥಿಸತ್ಕಾರ ಮಾಡಬೇಕು, ಮನೆಯನ್ನು ಚೆನ್ನಾಗಿ ನಡೆಸಬೇಕು, ಹೊರಗಿನವರಿಂದಲೂ ಒಳ್ಳೆಯ ಹೆಸರು ಪಡೆದಿರಬೇಕು. ಇಡೀ ಪಟ್ಟಿಯಲ್ಲಿ ವಿದ್ಯೆಗೆ ಸಂಬಂಧಿಸಿದ್ದು ಕಲಿಸುವ ಸಾಮರ್ಥ್ಯ ಒಂದೇ. ಉಳಿದದ್ದೆಲ್ಲ ನಡತೆ. ನಡತೆಯನ್ನು ಪ್ರಮಾಣಪತ್ರ ನೋಡಿ ತಿಳಿಯಲಾಗದು, ಜೊತೆಯಲ್ಲಿ ಬಾಳಿದವರೇ ಹೇಳಬೇಕು.

ಪೌಲನ ಕಥೆ ಇನ್ನೂ ಸೂಕ್ಷ್ಮ. ತನ್ನ ಅಪೊಸ್ತಲತನ ಮನುಷ್ಯರಿಂದ ಬಂದದ್ದಲ್ಲ ಎಂದು ಗಲಾತ್ಯದವರಿಗೆ ಖಡಾಖಂಡಿತವಾಗಿ ಬರೆದವನು ಅವನು. ಆದರೂ ಯೆರೂಸಲೇಮಿಗೆ ಹೋಗಿ ತನ್ನ ಬೋಧನೆಯನ್ನು ಹಿರಿಯರ ಮುಂದಿಟ್ಟ. ಕೊರಿಂಥದವರಿಗೆ ಮಾತ್ರ, ನನಗೆ ಶಿಫಾರಸು ಪತ್ರ ಬೇಕಿಲ್ಲ, ನೀವೇ ನನ್ನ ಪತ್ರ ಎಂಬರ್ಥದ ಮಾತು ಬರೆದ. ಬೆರೋಯದ ಜನ ಅವನ ಮಾತು ನಿಜವೋ ಎಂದು ದಿನವೂ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕೆ ಬೈಬಲ್ ಅವರನ್ನು ಹೊಗಳುತ್ತದೆ. ಗುರುವನ್ನು ಪರೀಕ್ಷಿಸುವುದು ಗುರುದ್ರೋಹ ಅಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಯೋಶೀಯ ರಾಜನ ಕಾಲದಲ್ಲಿ ದೇವಾಲಯದ ದುರಸ್ತಿ ನಡೆಯುವಾಗ ಧರ್ಮಶಾಸ್ತ್ರದ ಸುರುಳಿ ಸಿಕ್ಕಿತು. ಅದರ ವಿಷಯ ವಿಚಾರಿಸಲು ಮಹಾಯಾಜಕನೇ ಹೋದದ್ದು ಹುಲ್ದಾ ಎಂಬ ಪ್ರವಾದಿನಿಯ ಮನೆಗೆ. ದೊಡ್ಡ ವಾಗ್ಮಿ ಅಪೊಲ್ಲೋಸನಿಗೆ ತಿದ್ದಿ ಹೇಳಿದವರು ಪ್ರಿಸ್ಕಿಲ್ಲ ಮತ್ತು ಅವಳ ಗಂಡ ಅಕ್ವಿಲ. ಯೇಸು ಎದ್ದ ಸುದ್ದಿ ತಂದವರು ಹೆಂಗಸರು. ಅದನ್ನು ಹುಚ್ಚುಮಾತೆಂದು ತಳ್ಳಿಹಾಕಿದವರು ಅಪೊಸ್ತಲರು. ಇನ್ನೊಂದು ಕಡೆ, ಅದೇ ತಿಮೊಥೆಯನ ಪತ್ರದ 2ನೇ ಅಧ್ಯಾಯದಲ್ಲಿ ಹೆಂಗಸು ಉಪದೇಶಿಸಲು ಅಪ್ಪಣೆ ಇಲ್ಲ ಎಂದೂ ಇದೆ. ಇದನ್ನು ಮುಚ್ಚಿಡಬಾರದು. ಅದು ಎಲ್ಲ ಕಾಲಕ್ಕೂ ಹೇಳಿದ ಮಾತು ಎನ್ನುವ ಸಭೆಗಳಿವೆ. ಆ ಊರಿನ ಅಂದಿನ ಪರಿಸ್ಥಿತಿಗೆ ಹೇಳಿದ್ದು ಎನ್ನುವ ಸಭೆಗಳೂ ಇವೆ. ಕ್ಯಾಥೊಲಿಕ್ ಚರ್ಚಿನಲ್ಲಿ ಇಂದಿಗೂ ಗುರುದೀಕ್ಷೆ ಗಂಡಸರಿಗೆ ಮಾತ್ರ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪರಾದರು. ಆ ಸಭೆಯ ಮೊದಲ ಮಹಿಳಾ ಬಿಷಪ್ ಅವರು.

ಈ ಎರಡು ಓದುಗಳ ನಡುವೆ ಬಾಳಿ ತೋರಿಸಿದ ಒಬ್ಬ ಹೆಣ್ಣುಮಗಳು ನಮ್ಮವಳೇ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರು ಉಡುಪಿಯಲ್ಲಿ ಪಂಡಿತರ ಮುಂದೆ ಸಮಜಾಯಿಷಿ ಕೊಡಬೇಕಾಯಿತೆಂದು ಜೀವನಚರಿತ್ರೆಗಳು ಹೇಳುತ್ತವೆ. ಆ ತಾಯಿಯಿಂದ ಕಲಿತ ಮಗಳನ್ನು 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು.

1883ರಲ್ಲಿ ಇಂಗ್ಲೆಂಡಿನಲ್ಲಿ ಆಕೆ ಕ್ರೈಸ್ತಳಾದಳು. ಅಲ್ಲಿ ಆಂಗ್ಲ ತರುಣರಿಗೆ ಪಾಠ ಹೇಳುವ ಮಾತು ಬಂದಾಗ, ಹೆಂಗಸು ಗಂಡಸರಿಗೆ ಕಲಿಸುವುದು ತರವಲ್ಲವೆಂದು ಲಾಹೋರ್ ಮತ್ತು ಮುಂಬಯಿಯ ಬಿಷಪರು ಆಕ್ಷೇಪಿಸಿದರು. ಧರ್ಮ ಬದಲಾಗಿತ್ತು, ಅಡ್ಡಿ ಬದಲಾಗಿರಲಿಲ್ಲ! ಒಂದು ಪುರೋಹಿತಶಾಹಿಯ ನೊಗ ಇಳಿಸಿ ಇನ್ನೊಂದನ್ನು ಹೊರಲು ತಾನು ಸಿದ್ಧಳಿಲ್ಲ ಎಂಬುದು ಆಕೆಯ ಪತ್ರಗಳ ಧಾಟಿ. ಬೈಬಲನ್ನು ತಾನೇ ಓದಿ ತೂಗಿ ನೋಡುವೆ ಎಂದಳು, ಬೆರೋಯದವರ ಹಾಗೆ.

1889ರಲ್ಲಿ ನಮ್ಮ ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆದಳು, ಮುಖ್ಯವಾಗಿ ವಿಧವೆಯರಿಗಾಗಿ. ಮರುವರ್ಷ ಅದು ಪುಣೆಗೆ ಹೋಯಿತು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತದ ಅನಾಥ ಹೆಣ್ಣುಮಕ್ಕಳನ್ನು ಕರೆತಂದು ಕೇಡ್‌ಗಾಂವ್‌ನಲ್ಲಿ ನೆಲೆ ಕೊಟ್ಟಳು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದಳು. 1922ರಲ್ಲಿ ತೀರಿಕೊಳ್ಳುವ ಮೊದಲು ಆ ಕೆಲಸ ಮುಗಿಸಿದ್ದಳು. ಯಾವ ಬಿಷಪರೂ ಆಕೆಗೆ ದೀಕ್ಷೆ ಕೊಡಲಿಲ್ಲ. ಆದರೆ ಇಂದು ಅದೇ ಇಂಗ್ಲೆಂಡಿನ ಚರ್ಚ್ ತನ್ನ ಪಂಚಾಂಗದಲ್ಲಿ ಏಪ್ರಿಲ್ 30ನ್ನು ಆಕೆಯ ಸ್ಮರಣೆಗೆ ಇಟ್ಟುಕೊಂಡಿದೆ.

ಮರವನ್ನು ಹಣ್ಣಿನಿಂದ ಗುರುತಿಸಿ ಎಂದು ಯೇಸು ಹೇಳಿದ್ದರ ಅರ್ಥ ಇದೇ ಇರಬೇಕು. ಹಣ್ಣಾಗಲು ಕಾಲ ಬೇಕು; ಪದವಿ ಕೊಡುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮೊಬೈಲಿನಲ್ಲಿ ದಿನಕ್ಕೊಬ್ಬ ಗುರು ಬರುವ ಈ ಕಾಲದಲ್ಲಿ, ಇವರ ಹಣದ ಲೆಕ್ಕ ಹೇಗಿದೆ, ಇವರ ಮನೆಯವರೂ ನೆರೆಯವರೂ ಏನು ಹೇಳುತ್ತಾರೆ, ಇವರ ಬಳಿ ಹೋದ ಬಡ ಹೆಂಗಸಿನ ಗತಿ ಏನಾಯಿತು ಎಂದು ನಾವು ಕೇಳಬೇಕು. ಯಾವ ಧರ್ಮದವರಾದರೂ ಕೇಳಬಹುದಾದ ಪ್ರಶ್ನೆಗಳಿವು. ನಮ್ಮಲ್ಲೇ ಚೆನ್ನಾಗಿ ತಿಳಿದವಳೊಬ್ಬಳು ಹಿಂದಿನ ಸಾಲಿನಲ್ಲಿ ಕುಳಿತಿದ್ದರೆ, ಅವಳನ್ನು ಕರೆದು ಮುಂದೆ ಕೂರಿಸುವ ಅಧಿಕಾರವೂ ನಮಗಿದೆ.

ಕಡೆಯದಾಗಿ ಒಂದು ಸಲಹೆ. ವರ್ಷಕ್ಕೊಮ್ಮೆ ನಾವು ಪ್ರವಾಸ ಹೋಗುತ್ತೇವೆ. ಪುಣೆ ದಾಟಿ ದೌಂಡ್ ದಾರಿಯಲ್ಲಿ ಕೇಡ್‌ಗಾಂವ್ ಸಿಗುತ್ತದೆ. ರಮಾಬಾಯಿಯ ಮುಕ್ತಿ ಮಿಷನ್ ಅಲ್ಲಿ ಇಂದಿಗೂ ನಡೆಯುತ್ತಿದೆ. ಮುಂದಿನ ಸಲ ಅಲ್ಲಿಗೆ ಹೋಗಿ ಬರೋಣ.