ತಕ್ಕಡಿಯ ಮುಂದೆ ನಮ್ಮ ವಿಶ್ವಾಸ

(ಗೋವಾದ ತೋಟ ಕಾರ್ಮಿಕ ಕುಟುಂಬಗಳ ತಪಸ್ಸುಕಾಲದ ಕೂಟದಲ್ಲಿ ಮಾಡಿದ ಭಾಷಣ)



ದಿನನಿತ್ಯದ ಬಾಳಿನಲ್ಲಿ ನಮ್ಮ ಕ್ರೈಸ್ತ ವಿಶ್ವಾಸವನ್ನು ಇತರರೊಡನೆ ಹಂಚಿಕೊಳ್ಳುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕೂಟದ ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಹೊಟ್ಟೆಪಾಡಿಗಾಗಿ ಘಟ್ಟ ಇಳಿದು ಬಂದವನು. ಭಾನುವಾರ ಮಕ್ಕಳಿಗೆ ಧರ್ಮೋಪದೇಶ, ಉಳಿದ ದಿನ ಕೂಲಿ, ಸಂಜೆ ಸಂಘದ ಕೆಲಸ. ಆದುದರಿಂದ ಪುಸ್ತಕದ ಮಾತಿಗಿಂತ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಈ ನೆಲದವರೇ ಆದ ಒಬ್ಬರನ್ನು ನೆನೆಯೋಣ. ನಮ್ಮ ಕನ್ನಡದ ಜನ ಬಹಳವಾಗಿ ನೆಲೆಸಿರುವ ಝುವಾರಿನಗರದ ಪಕ್ಕದಲ್ಲೇ ಸಾಂಕವಾಳ ಊರಿದೆ. ಅದು ಸಂತ ಜೋಸೆಫ್ ವಾಜ್ ಅವರ ತಂದೆಯ ಊರು. ಅವರು ಹುಟ್ಟಿದ್ದು 1651ರಲ್ಲಿ, ತಾಯಿಯ ಊರಾದ ಬಾಣಾವಲಿಯಲ್ಲಿ. ಗುರುಗಳಾದ ಮೇಲೆ 1681ರಲ್ಲಿ ನಮ್ಮ ಕನ್ನಡ ಕರಾವಳಿಗೂ ಬಂದು ಮಂಗಳೂರು, ಬಸರೂರು, ಗಂಗೊಳ್ಳಿ ಕಡೆ ಸೇವೆ ಮಾಡಿದರು.

1687ರಲ್ಲಿ ಅವರು ಲಂಕೆಗೆ ಹೋದರು. ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು; ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಆಗ ಅವರು ಗುರುಗಳ ನಿಲುವಂಗಿ ತೆಗೆದಿಟ್ಟು, ಕೂಲಿಯವನ ವೇಷದಲ್ಲಿ ದಡ ಸೇರಿದರು. ಜಾಫ್ನಾದಲ್ಲಿ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಮಾಲೆಯನ್ನು ಕಂಡು ಯಾರು ಗುರುತು ಹಿಡಿಯುತ್ತಾರೋ ಎಂದು ಕಾದರು. ಅಲ್ಲಿಯ ಜನರ ತಮಿಳು, ಸಿಂಹಳ ಭಾಷೆಗಳನ್ನು ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡುತ್ತಿದ್ದರು. ಜೋಸೆಫ್ ವಾಜರು ಮತ್ತು ಅವರ ಸೋದರಳಿಯ ಗುರು ಜೋಸೆಫ್ ಕಾರ್ವಾಲೊ ಅವರು ಜಾತಿ ಮತ ಕೇಳದೆ ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಬೌದ್ಧನಾದ ರಾಜನೂ ಅವರನ್ನು ಗೌರವದಿಂದ ಕಂಡನು. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡ ಇವರನ್ನು 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದು ಸಾರಿದರು.

ನೋಡಿ, ಒಬ್ಬ ಸಂತರೇ ಕೂಲಿಯವನ ಬಟ್ಟೆ ತೊಟ್ಟು ಸಾಕ್ಷಿ ಕೊಟ್ಟರು. ನಮಗೆ ವೇಷ ಹಾಕುವ ಅಗತ್ಯವೂ ಇಲ್ಲ, ನಾವು ಕೂಲಿಯವರೇ. ಹಾಗಾದರೆ ನಮ್ಮ ಸಾಕ್ಷಿ ಹೇಗಿದೆ? ಇನ್ನು ನನ್ನ ತಪ್ಪಿನ ಕಥೆ ಹೇಳುತ್ತೇನೆ.

ಗೇರುಬೀಜದ ಸುಗ್ಗಿ ಮತ್ತು ನಮ್ಮ ತಪಸ್ಸುಕಾಲ ಒಟ್ಟಿಗೇ ಬರುತ್ತವೆಂದು ನಿಮಗೆ ಗೊತ್ತು. ಕೆಲವು ವರ್ಷಗಳ ಹಿಂದೆ ನಾನು ಒಂದು ತೋಟದಲ್ಲಿದ್ದೆ. ಆರಿಸಿದ ಬೀಜಕ್ಕೆ ಕಿಲೋ ಲೆಕ್ಕದಲ್ಲಿ ಕೂಲಿ. ತೂಕ ಬರೆಯುವವನು ನಮ್ಮ ಸಭೆಯವನೇ. ನನ್ನ ಎರಡನೆಯ ಮಗನ ಜ್ಞಾನತಂದೆ. ಭಾನುವಾರ ಪೂಜೆಯಲ್ಲಿ ವಾಚನ ಓದುತ್ತಿದ್ದವನೂ ಅವನೇ. ಪ್ರತಿ ಬುಟ್ಟಿಗೆ ಎರಡು ಕಿಲೋ "ಬುಟ್ಟಿಯ ತೂಕ" ಎಂದು ಕಳೆಯುತ್ತಿದ್ದನು. ನಾನು ಆ ವಾರ ತಪಸ್ಸುಕಾಲದ ಕರಪತ್ರಗಳನ್ನು ಲೈನ್ ಮನೆಗಳಲ್ಲಿ ಹಂಚುತ್ತಿದ್ದೆ. ಸವದತ್ತಿ ಕಡೆಯ ಒಬ್ಬ ತಂಗಿ, ಯಲ್ಲಮ್ಮನ ಭಕ್ತಳು, ನನ್ನನ್ನು ನಿಲ್ಲಿಸಿದಳು.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಮಧ್ಯಾಹ್ನ ಯಾರೂ ಇಲ್ಲದಾಗ ಖಾಲಿ ಬುಟ್ಟಿ ತೂಗಿ ನೋಡೀನಿ. ಅರ್ಧ ಕಿಲೋ ಸೈತ ಇಲ್ಲ. ಎರಡು ಕಿಲೋ ಯಾಕ ಕಳೀತಾರ? ಬರೆಯಾಂವ ನಿಮ್ಮ ಗುಡಿಯಾಗ ದೇವರ ಪುಸ್ತಕ ಓದಾಂವ ಅಲ್ಲೇನ್ರಿ?"

"ವಿಚಾರ ಮಾಡೋಣ ತಂಗಿ" ಎಂದು ಹೇಳಿ ಮುಂದೆ ನಡೆದೆ. ಒಂಬತ್ತು ದಿನ ಬಾಯಿ ಬಿಡಲಿಲ್ಲ. ನಮ್ಮವನ ಮಾನ ಹೋಗಬಾರದು, ಸಭೆಗೆ ಕೆಟ್ಟ ಹೆಸರು ಬರಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹತ್ತನೆಯ ದಿನ ಅವಳಿಗೂ ಕರಪತ್ರ ಕೊಡಲು ಹೋದೆ. ಅವಳು ಕೈ ಮುಗಿದು, "ನನಗ ಓದಾಕ ಬರಂಗಿಲ್ರಿ. ಬುಟ್ಟಿ ವಿಷಯ ಏನಾತು, ಅದನ್ನ ಹೇಳ್ರಿ" ಎಂದಳು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಎದ್ದು ಅವನ ಮನೆಗೆ ಹೋದೆ. ಅವನು ಮೊದಲು ರೇಗಿದನು, ಆಮೇಲೆ ಅತ್ತನು. ಮೇಲಿನವರು ಹಾಗೆ ಬರೆಯಲು ಹೇಳಿದ್ದರು. ಇಲ್ಲವೆಂದರೆ ಕೆಲಸ ಹೋಗುತ್ತದೆ, ಮೂರು ಮಕ್ಕಳಿದ್ದಾರೆ ಎಂದನು. ಅವನೂ ನಮ್ಮಂತೆ ಹೆದರಿದವನೇ. ಮರುದಿನ ಸಂಘದವರೆಲ್ಲ ಕೂಡಿ, ಎಲ್ಲರೆದುರು ಖಾಲಿ ಬುಟ್ಟಿ ತೂಗಿಸಿದೆವು. "ಹೌದು, ನಾನು ತಪ್ಪು ಬರೆದೆ" ಎಂದು ಅವನೇ ಒಪ್ಪಿಕೊಂಡನು. ಅಂದಿನಿಂದ ಅರ್ಧ ಕಿಲೋ ಮಾತ್ರ ಕಳೆದರು. ಹಿಂದಿನ ಬಾಕಿ ಬರಲಿಲ್ಲ. ಅವನನ್ನು ಪುಸ್ತಕದಿಂದ ತೆಗೆದು ಬೇಲಿ ಕೆಲಸಕ್ಕೆ ಹಾಕಿದರು, ಸಂಬಳ ಕಡಿಮೆಯಾಯಿತು. ಆಗ ಅವನ ಮನೆಗೆ ಮೊದಲು ಜೋಳದ ಹಿಟ್ಟು ಒಯ್ದು ಕೊಟ್ಟವರು ಯಾರು? ಉಪದೇಶಿಯಾದ ನಾನಲ್ಲ. ಆ ತಂಗಿಯೇ.

ಸಹೋದರರೇ, ಆ ದಿನ ನಾನು ಎರಡು ಪಾಠ ಕಲಿತೆ. ನಾವು ಹೇಳುವ ಶುಭಸಂದೇಶವನ್ನು ಜನ ನಮ್ಮ ತಕ್ಕಡಿಯಲ್ಲಿ ತೂಗಿ ನೋಡುತ್ತಾರೆ. ಮತ್ತೆ, ನಾವು ದೇವರನ್ನು ನೆರೆಯವರ ಮನೆಗೆ ಹೊತ್ತುಕೊಂಡು ಹೋಗುವವರಲ್ಲ. ಅನೇಕ ಸಲ ಆತನು ನಮಗಿಂತ ಮೊದಲೇ ಅಲ್ಲಿ ಇರುತ್ತಾನೆ.

1975ರಲ್ಲಿ ಜಗದ್ಗುರು ಆರನೆಯ ಪೌಲರು ಶುಭಸಂದೇಶ ಸಾರುವುದರ ಕುರಿತು ಬರೆದ ಪತ್ರದಲ್ಲಿ ಇದೇ ಕ್ರಮವನ್ನು ತೋರಿಸಿದ್ದಾರೆ. ಮೊದಲು ಮಾತಿಲ್ಲದ ಸಾಕ್ಷಿ. ಅದನ್ನು ಕಂಡವರ ಮನಸ್ಸಿನಲ್ಲಿ, ಇವರು ಯಾಕೆ ಹೀಗೆ ಎಂಬ ಪ್ರಶ್ನೆ ಹುಟ್ಟಬೇಕು. ಆಮೇಲೆ ಬಾಯಿಮಾತು. ಮಾತೇ ಬೇಡವೆಂದು ಅವರು ಹೇಳಲಿಲ್ಲ. ಸಂತ ಪೇತ್ರರೂ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ವಿನಯ ಬಿಡಬೇಡಿ ಎಂಬರ್ಥದಲ್ಲಿ ಬರೆದರು. ಕೇಳದವರ ಕಿವಿ ಹಿಂಡುವುದು ನಮ್ಮ ಕೆಲಸವಲ್ಲ.

ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪಾಲಿಸಲು, ಪ್ರಚಾರ ಮಾಡಲು ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪು ಕೊಟ್ಟಿದೆ. ಕಾನೂನು ಹೇಗೂ ಇರಲಿ, ಅಕ್ಕಿ, ಔಷಧಿ, ಕೆಲಸ ತೋರಿಸಿ ದೇವರ ಹೆಸರು ಹೇಳುವುದು ಯೇಸುಸ್ವಾಮಿಯವರ ದಾರಿಯಲ್ಲ. ಸಹಾಯ ಬೇರೆ, ವ್ಯಾಪಾರ ಬೇರೆ.

ಹಾಗಾದರೆ ಮಾಡಬೇಕಾದುದೇನು? ಪಕ್ಕದ ಮನೆಯಲ್ಲಿ ಜ್ವರವಿದ್ದರೆ ಗಂಜಿ ಒಯ್ಯಿರಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಬೇಡವೆಂದರೆ ಗಂಜಿ ಕೊಟ್ಟು ಬನ್ನಿರಿ. ಸುಗ್ಗಿಯಲ್ಲಿ ಉರಾಕ್ ಕುಡಿದು ಹೆಂಡತಿಯ ಮೇಲೆ ಕೈ ಮಾಡಿ, ಆಮೇಲೆ ಮೈಕಿನಲ್ಲಿ ಜಪಸರ ಹೇಳಬೇಡಿರಿ. ಲೈನಿನ ಗೋಡೆ ತೆಳ್ಳಗಿದೆ, ಎರಡೂ ಕೇಳಿಸುತ್ತವೆ. ಹಾಜರಿ, ತೂಕ, ಮುಂಗಡದ ಲೆಕ್ಕದಲ್ಲಿ ನಮ್ಮವನೇ ತಪ್ಪಿದರೂ ಮೊದಲು ನಾವೇ ಎದ್ದು ನಿಲ್ಲೋಣ. ಯಾರಾದರೂ ಕೇಳಿದರೆ ನಾಚದೆ, ನಮ್ಮ ಆಡುಮಾತಿನಲ್ಲೇ ಹೇಳೋಣ.

ಆ ತಂಗಿ ಮುಂದಿನ ವರ್ಷ ತಾನಾಗಿ ಕೇಳಿದಳು: "ನಿಮ್ಮ ಗುಡಿಯಾಗ ಏನ್ ಓದ್ತಾರ್ರಿ?" ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟರೆ, ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಾಕೋಬರು ಬರೆದದ್ದನ್ನು ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಮಾತು" ಎಂದಳು.

ಅವಳು ಕ್ರೈಸ್ತಳಾದಳೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಈಗಲೂ ಹುಣ್ಣಿಮೆಗೆ ಸವದತ್ತಿಗೆ ಹೋಗಿ ಬರುತ್ತಾಳೆ, ನಮ್ಮ ಮನೆಗೂ ಪ್ರಸಾದ ತರುತ್ತಾಳೆ. ಆ ಲೆಕ್ಕ ಬರೆಯುವ ಪುಸ್ತಕ ದೇವರ ಕೈಯಲ್ಲಿದೆ. ನನ್ನ ಕೈಯಲ್ಲಿರುವುದು ಬುಟ್ಟಿ ಮಾತ್ರ. ಅದರ ತೂಕ ಸರಿಯಿರಲಿ ಎಂದು ನನಗಾಗಿ ಪ್ರಾರ್ಥಿಸಿರಿ. ನಿಮಗಾಗಿ ನಾನೂ ಪ್ರಾರ್ಥಿಸುತ್ತೇನೆ.