ಉಪ್ಪಿನ ಮೇಲೆ ನಿಂತ ಸಿಹಿನೀರು

ಗುಜರಾತಿನ ಕಛ್ ಜಿಲ್ಲೆಯ ಬನ್ನಿ ಹುಲ್ಲುಗಾವಲಿನಲ್ಲಿ ನೆಲದಡಿಯ ನೀರು ಉಪ್ಪು. ಆದರೂ ಅಲ್ಲಿನ ಮಾಲ್ಧಾರಿ ಪಶುಪಾಲಕರು ತಲೆಮಾರುಗಳಿಂದ ಸಿಹಿನೀರು ಕುಡಿದೇ ಬದುಕಿದ್ದಾರೆ. ಮಳೆಗಾಲದಲ್ಲಿ ನೀರು ನಿಂತು ಇಂಗುವ ತಗ್ಗನ್ನು ಗುರುತಿಟ್ಟುಕೊಂಡು, ಅಲ್ಲೇ ಆಳವಿಲ್ಲದ ಬಾವಿ ತೋಡುತ್ತಾರೆ. ಅದರ ಹೆಸರು ವಿರ್ಡಾ. ಅಂಚು ಕುಸಿಯದಂತೆ ಮರದ ತುಂಡುಗಳ ಚೌಕಟ್ಟು ಕೂಡಿಸಿ ಹುಲ್ಲು ಹೊದಿಸುತ್ತಾರೆ. ಮಳೆನೀರು ಉಪ್ಪುನೀರಿಗಿಂತ ಹಗುರ. ಅದರ ಮೇಲೆ ಪದರವಾಗಿ ನಿಲ್ಲುತ್ತದೆ. ಪದರ ತೆಳುವಾದಂತೆ ನೀರಿನ ರುಚಿ ಕೆಡುತ್ತದೆ. ಆಗ ಆ ಬಾವಿ ಬಿಟ್ಟು ಇನ್ನೊಂದನ್ನು ತೆರೆಯುತ್ತಾರೆ.

ಕಛ್‌ನ ನೀರಿನ ಒಳಗುಟ್ಟು ಈ ಗುಂಡಿಯಲ್ಲೇ ಇದೆ. ಎಷ್ಟು ಮಳೆ ಬಿತ್ತು ಎಂಬುದು ಅರ್ಧ ಲೆಕ್ಕ. ಅದು ಯಾವ ಕಲ್ಲಿನ ಮೇಲೆ ಬಿತ್ತು, ಎಲ್ಲಿ ಇಂಗಿತು ಎಂಬುದು ಉಳಿದರ್ಧ.

45,674 ಚದರ ಕಿಲೋಮೀಟರಿನ ಕಛ್ ದೇಶದ ಅತಿ ದೊಡ್ಡ ಜಿಲ್ಲೆ. ಮಳೆ ಬೀಳುವುದು ವರ್ಷದ ಕೆಲವೇ ದಿನ, ಅದೂ ನೆಚ್ಚುವಂತಿಲ್ಲ. ನಡುವಿನ ಗುಡ್ಡಗಳಿಂದ ಇಳಿಯುವ ಹೊಳೆಗಳು ಮಳೆ ಬಂದಾಗಷ್ಟೇ ಹರಿಯುತ್ತವೆ. ಉತ್ತರಕ್ಕೆ ಇಳಿದರೆ ರಣ್ ಎಂಬ ಉಪ್ಪಿನ ಬಯಲು, ದಕ್ಷಿಣಕ್ಕೆ ಇಳಿದರೆ ಕಡಲು. ನಡುವೆ ನೀರನ್ನು ಹಿಡಿದಿಡುವ ಮುಖ್ಯ ಬಂಡೆ ‘ಭುಜ್ ಮರಳುಗಲ್ಲು’. ಕ್ರಿಟೇಷಿಯಸ್ ಯುಗದ ಈ ಕಲ್ಲಿನ ರಂಧ್ರಗಳಲ್ಲಿ ಇಂಗಿದ ನೀರೇ ಎಷ್ಟೋ ಊರುಗಳ ಆಸರೆ. ಅದರ ದಕ್ಷಿಣಕ್ಕಿರುವ ದಖನ್ನಿನ ಕಪ್ಪುಶಿಲೆಯಲ್ಲಿ ನೀರು ಸಿಗುವುದು ಬಿರುಕು ಇದ್ದಲ್ಲಿ ಮಾತ್ರ.

ಮಾಂಡವಿ–ಮುಂದ್ರಾ ಕರಾವಳಿಯ ಕಥೆಯೇ ಬೇರೆ. ಅಲ್ಲಿನ ಮೆಕ್ಕಲು ಮಣ್ಣಿನಲ್ಲಿ ಸಿಹಿನೀರಿತ್ತು, ತೋಟಗಳೆದ್ದವು, ಪಂಪುಗಳು ಬಂದವು, ಕೊನೆಗೆ ಬಾವಿಗಳಿಗೆ ಉಪ್ಪೂ ಬಂತು. ಕಡಲಂಚಿನ ನೆಲದಲ್ಲಿ ಒಂದು ನಿಯಮವಿದೆ. ಡಚ್ಚರ ಘೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡದ್ದು: ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್‌ವರೆಗೂ ಅದು ಉಪ್ಪನ್ನು ತಡೆದಿರುತ್ತದೆ. ಹಾಗಾಗಿ ನೀರಿನ ಮಟ್ಟ ಒಂದು ಮೀಟರ್ ಇಳಿದರೆ, ಕಾಲ ಕಳೆದಂತೆ ಕೆಳಗಿನ ಉಪ್ಪು ಅದರ ನಲವತ್ತು ಪಟ್ಟು ಮೇಲೇರುತ್ತದೆ. ಪಂಪು ಹಾಕಿದ ರೈತನಿಗೆ ಈ ಲೆಕ್ಕ ಹೇಳುವವರಿರಲಿಲ್ಲ. ಈ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ.

ಇಲ್ಲಿ ನೆಲವೂ ಸುಮ್ಮನಿರುವುದಿಲ್ಲ. 1819ರ ಜೂನ್ 16ರ ಭೂಕಂಪದಲ್ಲಿ ಸಿಂದ್ರಿ ಕೋಟೆ ನೀರಲ್ಲಿ ಮುಳುಗಿತು. ಅದರ ಉತ್ತರಕ್ಕೆ ‘ಅಲ್ಲಾ ಬಂಡ್’ ಎಂಬ ಉದ್ದನೆಯ ದಿಬ್ಬ ಎದ್ದಿತು. ಆ ದಿಬ್ಬ ಸಿಂಧೂ ನದಿಯ ಕವಲಿಗೆ ಅಡ್ಡ ನಿಂತಿತು; ಕವಲನ್ನು ನೆಚ್ಚಿ ಬೆಳೆದಿದ್ದ ಲಖ್ಪತ್ ಬಂದರು ಕ್ರಮೇಣ ಪಾಳುಬಿತ್ತು. 2001ರ ಜನವರಿ 26ರಂದು ಭೂಮಿ ನಡುಗಿದಾಗ ರಣ್‌ನ ಹಲವೆಡೆ ಮರಳಿನೊಂದಿಗೆ ನೀರು ಚಿಮ್ಮಿತು.

2022ರ ಆಗಸ್ಟ್ 28ರಂದು ನರ್ಮದೆಯ ಕಛ್ ಶಾಖಾ ಕಾಲುವೆ ಉದ್ಘಾಟನೆಯಾಯಿತು. ಉದ್ದ ಸುಮಾರು 357 ಕಿಲೋಮೀಟರ್. ಬಿಂದಿಗೆ ಹೊತ್ತು ನಡೆದ ಹೆಂಗಸರ ನಾಡಿನಲ್ಲಿ ಇದನ್ನು ಅನುಮಾನಿಸಿ ಮಾತಾಡುವುದು ಸುಲಭವಲ್ಲ, ಸರಿಯೂ ಅಲ್ಲ. ಅಪಾಯವಿರುವುದು, ದೂರದ ನೀರು ಬಂತೆಂದು ಕಾಲಡಿಯ ನೀರನ್ನು ಮರೆಯುವುದರಲ್ಲಿ. ಬನ್ನಿಯಲ್ಲಿ ಆಗಲೇ ಬೇರೊಂದು ಪಾಠವಾಗಿದೆ. ಉಪ್ಪು ಹಬ್ಬುವುದನ್ನು ತಡೆಯಲೆಂದು 1960ರ ದಶಕದಲ್ಲಿ ನೆಟ್ಟ ಬಳ್ಳಾರಿ ಜಾಲಿ ಈಗ ಹುಲ್ಲುಗಾವಲನ್ನೇ ನುಂಗುತ್ತಿದೆ.

ಬರದ ನಾಡಿಗೆ ಈಗ ಅತಿವೃಷ್ಟಿಯ ಭಯವೂ ಸೇರಿದೆ. 2023ರ ಜೂನ್ 15ರಂದು ಬಿಪರ್‌ಜಾಯ್ ಚಂಡಮಾರುತ ಜಖಾವ್ ಬಂದರಿನ ಬಳಿ ದಡ ಮುಟ್ಟಿ ಧಾರಾಕಾರ ಮಳೆ ಸುರಿಸಿತು. ಇಂಥ ಮಳೆಯನ್ನು ತಡೆದು ನಿಧಾನಿಸದಿದ್ದರೆ ಕೆಲವೇ ಗಂಟೆಗಳಲ್ಲಿ ರಣ್‌ಗೋ ಕಡಲಿಗೋ ಸೇರಿಹೋಗುತ್ತದೆ. ಹಿಂದಿನವರಿಗೆ ಇದು ತಿಳಿದಿತ್ತು: ಭುಜ್‌ನ ಹಮೀರ್‌ಸರ್ ಕೆರೆಗೆ ಪಕ್ಕದ ಜಲಾನಯನಗಳಿಂದಲೂ ಕಾಲುವೆ, ಸುರಂಗಗಳ ಮೂಲಕ ನೀರು ತಂದಿದ್ದರು. ಆ ಕೆರೆ ಕೋಡಿ ಬಿದ್ದರೆ ಇಂದಿಗೂ ಊರಿಗೆ ರಜೆ. ಈಗ ಭುಜ್‌ನ ‘ಅರಿಡ್ ಕಮ್ಯುನಿಟೀಸ್ ಅಂಡ್ ಟೆಕ್ನಾಲಜೀಸ್’ ಸಂಸ್ಥೆ ಹಳ್ಳಿಯ ಯುವಕರಿಗೆ ಬಂಡೆ ಗುರುತಿಸುವುದು, ಬಾವಿಯ ಮಟ್ಟ ಅಳೆಯುವುದನ್ನು ಕಲಿಸಿ ‘ಭೂಜಲ ಜಾಣಕಾರ’ರನ್ನು ಸಿದ್ಧಮಾಡಿದೆ. ಕಾಲುವೆಗೆ ಸುರಿದ ಹಣದ ಒಂದು ಸಣ್ಣ ಪಾಲು ಇಂಥವರಿಗೂ, ಅವರು ತೋರಿಸುವ ಇಂಗುದಾಣಗಳಿಗೂ ಪ್ರತಿವರ್ಷ ತಪ್ಪದೆ ಸಿಗಬೇಕು.