ಆಟದ ಬಯಲಿನ ಪಾಠ

(ಶಾಲೆಯ ಕ್ರೀಡಾ ದಿನಾಚರಣೆಯ ಸಂದರ್ಭದಲ್ಲಿ ಮದ್ದಿಕೇರದಲ್ಲಿ ಮಾಡಿದ ಭಾಷಣ)



ಮದ್ದಿಕೇರದವರಿಗೆ ಪಂದ್ಯವನ್ನು ಕುರಿತು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ವಿಜಯದಶಮಿಯಂದು ಇಲ್ಲಿ ನಡೆಯುವ ಕುದುರೆಯೋಟವನ್ನು ಕಾಣಲು ಸುತ್ತಣ ಹಳ್ಳಿಗಳ ಜನ ನೆರೆಯುತ್ತಾರೆ. ಗೆದ್ದ ಸವಾರನನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಆ ಕುದುರೆಗೆ ಮೇವು ಹಾಕಿ, ಮೈ ತಿಕ್ಕಿ, ಅದರ ಕಸುವನ್ನೂ ಅಂಜಿಕೆಯನ್ನೂ ಅರಿತು ಪಳಗಿಸಿದ ಕೈಗಳನ್ನು ಆ ಸಂಭ್ರಮದಲ್ಲಿ ನೆನೆಯುವವರು ಕಡಮೆ. ಇಂದು ನಾವು ನಾಲ್ಕು ಮಾತು ಹೇಳಬಯಸುವುದು ಅಂತಹ ಪಳಗಿಸುವ ಕೈಗಳನ್ನು ಕುರಿತು.

‘ಆಟವು ಗುಣವನ್ನು ಬೆಳೆಸುತ್ತದೆ’ ಎಂಬ ಮಾತು ಇಂತಹ ಸಭೆಗಳಲ್ಲಿ ವರ್ಷ ವರ್ಷವೂ ಕೇಳಿಬರುತ್ತದೆ. ಹಲವು ಕಾಲ ಆಡಿ, ಅನಂತರ ಹಲವು ಕಾಲ ಮಕ್ಕಳನ್ನು ಆಡಿಸಿದ ನಮಗೆ ಅದು ಅರ್ಧ ಸತ್ಯವೆಂದು ತೋರಿದೆ. ಒಂದೇ ಬಯಲಿನಲ್ಲಿ ಒಬ್ಬ ಹುಡುಗ ಸೈರಣೆಯನ್ನು ಕಲಿಯುತ್ತಾನೆ, ಇನ್ನೊಬ್ಬ ಕಣ್ಣು ತಪ್ಪಿಸುವುದನ್ನು ಕಲಿಯುತ್ತಾನೆ. ಒಬ್ಬಳಿಗೆ ಧೈರ್ಯ ಬರುತ್ತದೆ, ಇನ್ನೊಬ್ಬಳಿಗೆ ತಾನು ಕೆಲಸಕ್ಕೆ ಬಾರದವಳೆಂಬ ಭಾವನೆ ಬೇರೂರುತ್ತದೆ. ಆಟವು ತಾನಾಗಿ ಯಾವ ಪಾಠವನ್ನೂ ಆರಿಸಿ ಕೊಡುವುದಿಲ್ಲ. ಆರಿಸಿ ಕೊಡಬೇಕಾದವನು ಆಡಿಸುವ ಗುರು.

ನಮ್ಮ ಖೋಖೋ ಆಟವನ್ನೇ ನೋಡಿರಿ. ಅಟ್ಟುವ ಪಕ್ಷದ ಎಂಟು ಮಂದಿ ಸಾಲಿನಲ್ಲಿ ಒಬ್ಬರು ಆಚೆಗೆ, ಒಬ್ಬರು ಈಚೆಗೆ ಮುಖಮಾಡಿ ಕುಳಿತಿರುತ್ತಾರೆ. ಅಟ್ಟುವವನು ಒಂಬತ್ತನೆಯವನೊಬ್ಬನೆ. ಅವನು ನಡುಗೆರೆಯನ್ನು ದಾಟುವಂತಿಲ್ಲ. ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಎಂತಹ ವೇಗಿಯಾದರೂ ಒಬ್ಬನೇ ಆಟವನ್ನು ಗೆಲ್ಲಲಾರನು. ಕೈಗೆ ಸಿಕ್ಕುವಷ್ಟು ಹತ್ತಿರವಿದ್ದ ಎದುರಾಳಿಯನ್ನು ಬಿಟ್ಟು, ಕುಳಿತಿರುವ ಗೆಳೆಯನ ಬೆನ್ನು ಮುಟ್ಟಿ ‘ಖೋ’ ಎಂದು ತನ್ನ ಸರದಿಯನ್ನು ಒಪ್ಪಿಸಿ, ಅವನ ಜಾಗದಲ್ಲಿ ತಾನು ಕುಳಿತುಕೊಳ್ಳಬೇಕು. ಕುಳಿತವನಾದರೋ ‘ಖೋ’ ಎನ್ನುವ ಮೊದಲು ಏಳಬಾರದು, ಎಂದೊಡನೆ ತಡಮಾಡಲೂಬಾರದು. ಬಿಟ್ಟುಕೊಡುವುದು, ಕಾಯುವುದು, ಕರೆ ಬಂದಾಗ ಸಿದ್ಧನಾಗಿರುವುದು: ಬದುಕಿನಲ್ಲಿ ಇದಕ್ಕಿಂತ ಹೆಚ್ಚಿನ ವಿದ್ಯೆ ಯಾವುದಿದೆ? ಆದರೆ ಚುರುಕಾದ ಇಬ್ಬರ ನಡುವೆಯೇ ಖೋ ಸುತ್ತುವಂತೆ ಗುರು ಬಿಟ್ಟರೆ ಉಳಿದವರು ಕಲಿಯುವುದು ಬರಿಯ ಕುಳಿತಿರುವುದನ್ನು.

ಈ ಆಟಕ್ಕೆ ಬೇಕಾದುದು ಎರಡು ಕಂಬ, ಒಂದಿಷ್ಟು ಸುಣ್ಣ, ಸಮನಾದ ನೆಲ, ಅಷ್ಟೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋಖೋ ವಿಶ್ವಕಪ್ಪಿನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿದರು. ಆ ಅಂತಿಮ ಪಂದ್ಯದ ಶ್ರೇಷ್ಠ ಆಟಗಾರ್ತಿಯಾದವರು ಮೈಸೂರು ಸೀಮೆಯ ಕುರುಬೂರೆಂಬ ಹಳ್ಳಿಯ ಬಿ. ಚೈತ್ರಾ. ಹಳ್ಳಿಯ ಶಾಲೆ, ಕನ್ನಡ ಶಾಲೆ, ಗಡಿಯ ಶಾಲೆ ಎಂದು ನಮ್ಮನ್ನು ನಾವೇ ಕಿರಿದು ಮಾಡಿಕೊಳ್ಳುವವರು ಇದನ್ನು ನೆನೆಯಬೇಕು. ಆದೋನಿ, ಆಲೂರು ಕಡೆಯ ತೆಲುಗು ಶಾಲೆಯ ಮಕ್ಕಳೊಡನೆ ನಮ್ಮವರು ಆಡುವಾಗ ಪಾಠದ ಭಾಷೆ ಎರಡಾದರೂ ಬಯಲಿನಲ್ಲಿ ಕೇಳುವ ‘ಖೋ’ ಒಂದೆ.

ಇನ್ನು ಸತ್ಯದ ಮಾತು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಕ್ರಿಕೆಟ್ ಪಂದ್ಯ ನಡೆಯಿತು. ಭಾರತದ ನಾಯಕರು ಭದ್ರಾವತಿಯ ಜಿ. ಆರ್. ವಿಶ್ವನಾಥ್. ಇಂಗ್ಲೆಂಡ್ 58 ಓಟಗಳಿಗೆ ಐವರನ್ನು ಕಳೆದುಕೊಂಡು ಸಂಕಟದಲ್ಲಿದ್ದಾಗ ಬಾಬ್ ಟೇಲರ್ ಔಟೆಂದು ತೀರ್ಪುಗಾರರು ಸಾರಿದರು. ಚೆಂಡು ಬ್ಯಾಟಿಗೆ ತಗುಲಲಿಲ್ಲವೆಂದು ತಮಗೆ ಮನವರಿಕೆಯಾದುದರಿಂದ ವಿಶ್ವನಾಥರು ಆತನನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬಾಥಮ್ ಕೂಡಿ 171 ಓಟ ಸೇರಿಸಿದರು; ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಸತ್ಯ ಹೇಳಿದವನು ಗೆದ್ದೇ ಗೆಲ್ಲುವನೆಂದು ಮಕ್ಕಳಿಗೆ ಹೇಳುವುದು ಸುಲಭ. ಸತ್ಯಕ್ಕೆ ಕೆಲವೊಮ್ಮೆ ಪಂದ್ಯವನ್ನೇ ಬೆಲೆಯಾಗಿ ತೆರಬೇಕಾದೀತು, ಆದರೂ ತೆರಬಹುದು ಎಂದು ಹೇಳುವುದು ಕಠಿಣ. ಆ ಸೋಲಿನ ಬಳಿಕ ಇಷ್ಟು ವರ್ಷ ಕಳೆದರೂ ನಾಡು ಆ ನಾಯಕನನ್ನು ಗೌರವದಿಂದಲೇ ನೆನೆಯುತ್ತಿದೆ.

ಕಲಿಸುವವರಿಗೂ ಒಂದು ಮಾದರಿಯಿದೆ. 2018ರಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪನ್ನು ಭಾರತ ಗೆದ್ದಾಗ, ತರಬೇತುದಾರರಾಗಿದ್ದ ರಾಹುಲ್ ದ್ರಾವಿಡರಿಗೆ 50 ಲಕ್ಷ ರೂಪಾಯಿಯೂ ಅವರ ಸಹಾಯಕರಿಗೆ ತಲಾ 20 ಲಕ್ಷವೂ ಬಹುಮಾನವೆಂದು ಪ್ರಕಟವಾಯಿತು. ಎಲ್ಲರೂ ದುಡಿದ ಮೇಲೆ ಈ ಭೇದವೇಕೆ ಎಂದು ಕೇಳಿದವರು ಹೆಚ್ಚು ಪಡೆಯಬೇಕಾಗಿದ್ದ ದ್ರಾವಿಡರೆ. ಕಡೆಗೆ ತಂಡದ ಸಿಬ್ಬಂದಿಗೆಲ್ಲ ತಲಾ 25 ಲಕ್ಷ ಎಂದಾಯಿತು. ತನ್ನ ಪಾಲು ಅರ್ಧವಾದರೂ ಚಿಂತೆಯಿಲ್ಲ, ಸಂಗಡಿಗನ ಪಾಲು ಸಮವಾಗಲಿ ಎಂದುದೂ ಒಂದು ಬಗೆಯ ‘ಖೋ’ ಅಲ್ಲವೆ?

ಶಾಲೆಯ ಮೇಷ್ಟರಿಂದ ಏನಾದೀತು ಎನ್ನುವವರಿಗೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರೇ ಉತ್ತರ. ಅವರು ಶಾಲಾ ಉಪಾಧ್ಯಾಯರಾಗಿದ್ದವರು. ಅವರು ಪಳಗಿಸಿದ ಭಾರತದ ಫುಟ್‌ಬಾಲ್ ತಂಡ 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ವರ್ಣಪದಕವನ್ನು ತಂದಿತು.

ಕೊನೆಯದಾಗಿ ನಮ್ಮ ಮೂರು ಬಿನ್ನಹಗಳಿವೆ. ಉಪಾಧ್ಯಾಯ ಬಂಧುಗಳೆ, ಪರೀಕ್ಷೆ ಸಮೀಪಿಸಿತೆಂದು ಆಟದ ಅವಧಿಯನ್ನು ಗಣಿತಕ್ಕೆ ಕೊಡಬೇಡಿರಿ. ಒಂದು ಗಂಟೆ ಬೆವರಿದ ಮಗು ಲೆಕ್ಕವನ್ನು ಮರೆಯುವುದಿಲ್ಲ. ಆಡಿಸುವ ಮಿತ್ರರೆ, ದಿನದ ಕೊನೆಯಲ್ಲಿ ಗೆದ್ದ ಅಂಕಗಳನ್ನು ಎಣಿಸುವ ಮೊದಲು, ಇಂದು ಒಮ್ಮೆಯೂ ‘ಖೋ’ ದೊರೆಯದ ಮಕ್ಕಳೆಷ್ಟು ಎಂದು ಎಣಿಸಿರಿ. ತಾಯ್ತಂದೆಗಳೆ, “ಹುಡುಗಿ ದೊಡ್ಡವಳಾದಳು, ಇನ್ನು ಆಟ ಸಾಕು ಸಾರ್” ಎಂಬ ಮಾತನ್ನು ನಾವು ಎಷ್ಟೋ ಮನೆಗಳ ಹೊಸ್ತಿಲಲ್ಲಿ ಕೇಳಿದ್ದೇವೆ. ಎಂಟನೆಯ ತರಗತಿಯಲ್ಲಿ ಆಟ ಬಿಟ್ಟವಳು ಬಹುಬೇಗ ಶಾಲೆಯನ್ನೂ ಬಿಡುವುದನ್ನು ಕಂಡಿದ್ದೇವೆ. ಸಾಲಿನಲ್ಲಿ ಕುಳಿತು, ಕಾಲು ಮಡಿಚಿ, ಕಿವಿಗೊಟ್ಟು ಕಾದಿರುವ ಆ ಮಗಳ ಬೆನ್ನು ಮುಟ್ಟಿ ‘ಖೋ’ ಎನ್ನಬೇಕಾದವರು ನೀವು. ಎದ್ದು ಓಡುವುದನ್ನು ಅವಳು ಬಲ್ಲಳು.